ನಾಲಬಂದ ಚಾಚಾ ಒತ್ತಿ ಹಿಡಿದ ಉಗುರು

ಚಾಚಾ ಹೈದರಾಬಾದಿಗೆ ಹೋಗಲಿಲ್ಲ. ಊರಿನವರು ಹಾಗೆ ಹೇಳಿ ಹೇಳಿ ತಾವೇ ನಂಬಿಕೊಂಡರು, ಅಷ್ಟೆ. ಅವನನ್ನು ದಾರಿಯಲ್ಲಿ ಕೊಂದರು. ಆ ದಾರಿಯನ್ನು ಅವನು ಒಬ್ಬನೇ ಹಿಡಿಯುವಂತೆ ಮಾಡಿದ್ದು ನನ್ನ ಮೊಲ. ಸರಿಯಾಗಿ ಹೇಳಬೇಕೆಂದರೆ, ನಾನು.

ಹೋದ ವಾರ ಮರಿಮಗಳು ಸಾಕಿದ ಗಿನಿಪಿಗ್ಗಿನ ಉಗುರು ಟವೆಲಿನ ದಾರಕ್ಕೆ ಸಿಕ್ಕಿ ಕಿತ್ತುಬಂತು. ಇಲಿಯೂ ಅಲ್ಲ, ಮೊಲವೂ ಅಲ್ಲ, ಅಂಥದೊಂದು ಪ್ರಾಣಿ ಅದು. ಕಡಲೆಕಾಳಿನಷ್ಟು ಪಾದ, ರಕ್ತ ಮಾತ್ರ ನೆಲದ ತುಂಬ. ಹುಡುಗಿ ಅಳುತ್ತ ಫೋನಿನಲ್ಲಿ ಏನೋ ಹುಡುಕುತ್ತಿದ್ದಳು. ನಾನು ಅವರಪ್ಪನ ಕ್ಷೌರದ ಡಬ್ಬಿಯಿಂದ ರಕ್ತ ನಿಲ್ಲಿಸುವ ಪಟಿಕದ ಹರಳು ತರಿಸಿ ಕುಟ್ಟಿದೆ. ಪುಡಿ ಹಾರಿ ನಾಲಿಗೆಗೆ ಒಗರು ತಾಗಿತು... ನಾನು ಸಣ್ಣ ಹುಡುಗಿಯಾಗಿದ್ದಾಗಿನ ಅದೇ ಒಗರು.

ನಮ್ಮ ಹಳ್ಳಿ ಅಫಜಲಪುರದ ಕಡೆಯದು. ಪಕ್ಕದ ಮನೆಯ ಚಾಚಾ ನಾಲಬಂದ, ಎತ್ತುಗಳನ್ನು ಕೆಡವಿ ಗೊರಸಿಗೆ ನಾಲ, ಅಂದರೆ ಲಾಳ, ಬಡಿಯುವವನು. ನಡುವೆ ಸೊಂಟದೆತ್ತರದ ಗೋಡೆ. ವರ್ಷವಿಡೀ ನಿಜಾಮನ ಕಡೆಯ ರಜಾಕಾರರ ಭಯಕ್ಕೆ ನಾವು ಬಾಗಿಲು ಹಾಕಿಕೊಂಡಿದ್ದೆವು. ಹಿಂದುಸ್ತಾನದ ಫೌಜು ಬಂತು, ನಿಜಾಮನ ಕಾಲ ಮುಗಿಯಿತು, ಭಯ ಗೋಡೆ ಹಾರಿ ಅವರ ಮನೆಗೆ ಹೋಯಿತು. ಅವರ ಜೊತೆ ಮಾತು ಬೇಡ ಎಂದು ಅಪ್ಪ ತಾಕೀತು ಮಾಡಿದ. ಚಾಚಾ ಯಾರಿಗೂ ಕೇಡು ಮಾಡಿದವನಲ್ಲ. ಅದು ಅಪ್ಪನಿಗೂ ಗೊತ್ತಿತ್ತು.

ಅವರು ಊರು ಬಿಡುವ ಮಧ್ಯಾಹ್ನ ನಂಟರ ಎರಡು ಗಾಡಿಗಳು ಅವರ ಬಾಗಿಲಲ್ಲಿ ನಿಂತಿದ್ದವು. ಎಲ್ಲರೂ ಕೂಡಿ ಹೋದರೆ ಗುಲಬರ್ಗಾ ಮುಟ್ಟಬಹುದು, ಒಂಟಿಯಾದರೆ ಇಲ್ಲ ಎಂದು ಚಾಚಿ ಹೇಳುವುದು ನಮ್ಮ ಅಂಗಳಕ್ಕೆ ಕೇಳಿಸುತ್ತಿತ್ತು. ಅದೇ ಹೊತ್ತಿಗೆ ನಾನು ಮೊಲವನ್ನು ಬುಟ್ಟಿಯಿಂದ ಜಗ್ಗಿದೆ. ಹೆಣಿಗೆಯಲ್ಲಿ ಸಿಕ್ಕಿದ್ದ ಉಗುರು ಬುಡಸಮೇತ ಬಂತು. ಅರಿಶಿನ ಹಚ್ಚಿದೆ, ತೊಳೆದುಕೊಂಡು ಹೋಯಿತು. ಜೋಳದ ಹಿಟ್ಟು ಮೆತ್ತಿದೆ, ಕೆಂಪು ಮುದ್ದೆಯಾಯಿತು. ಅಪ್ಪ, ಅವ್ವ ಇಬ್ಬರೂ ಹೊಲದಲ್ಲಿದ್ದರು. ನಾನು ಗೋಡೆ ಹಾರಿದೆ.

“ಚಾಚಾ, ಸಾಯಾಕತ್ತದ್ರಿ ಇದು!”

ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟು ನೋಡಿದ. “ಎತ್ತಿಗಿ ನಾಲ ಬಡದೇನಿ, ಕುದರಿಗಿ ಬಡದೇನಿ. ಇದಕ್ಕೂ ಬಡೀಲೇನು ಬೇಟಿ?” ಎಂದ. ನಾನು ನಗಲಿಲ್ಲ.

ತಲೆಯ ರುಮಾಲು ಬಿಚ್ಚಿ ಮೊಲವನ್ನು ಕಣ್ಣುಸಮೇತ ಸುತ್ತಿ, ಆ ಒಂದು ಕಾಲನ್ನು ಹೊರಗೆ ಬಿಟ್ಟ. ಕಣ್ಣು ಮುಚ್ಚಿದರೆ ಎಂಥ ಎತ್ತೂ ಅರ್ಧ ಸುಮ್ಮನಾಗುತ್ತದೆಯಂತೆ. ತನ್ನ ಚೀಲದಿಂದ ಪಟಿಕದ ಪುಡಿ ತೆಗೆದು ಹಾಕಿ, ಮೇಲೆ ಅರಿವೆ ಇಟ್ಟು, ನನ್ನ ಹೆಬ್ಬೆರಳನ್ನು ಅದರ ಮೇಲೆ ಒತ್ತಿದ.

“ಬೀಸೋ ಹಾಡು ಬರ್ತಾವಲ್ಲ? ನಾಕು ಹಾಡು ಮುಗಿಯೋತನಾ ಹಿಂಗೇ ಹಿಡಿ. ನಡುವ ಎತ್ತಿ ನೋಡಬ್ಯಾಡ. ನೋಡಿದ್ರ ಮತ್ತ ಹರಿತದ.”

ಗಡಿಯಾರ ಇಲ್ಲದ ಮನೆಗಳಲ್ಲಿ ಹೆಂಗಸರು ಹೊತ್ತು ಅಳೆಯುತ್ತಿದ್ದುದು ಹಾಗೆಯೇ. ದಿನಾ ಮುಂಜಾನೆ ಗೋಡೆಯಾಚೆಯಿಂದ ಅವ್ವನ ಹಾಡು ಕೇಳಿದವನು ಅವನು.

ಅವನು ಗಾಡಿ ಹತ್ತಿದ. ನಾನು ಅವನ ಅಂಗಳದಲ್ಲೇ ಕೂತು ಹಾಡಿದೆ. ಅಪ್ಪ ಬಂದುಬಿಟ್ಟಾನು ಎಂಬ ಹೆದರಿಕೆ. ಬೀಸುಕಲ್ಲು ತಿರುಗುವ ನಿಧಾನಕ್ಕೆ ಹಾಡಬೇಕಿತ್ತು, ನಾಯಿ ಬೆನ್ನು ಹತ್ತಿದವಳಂತೆ ನಾಲ್ಕನ್ನೂ ಓಡಿಸಿಬಿಟ್ಟೆ. ಅರಿವೆ ಎತ್ತಿದೆ. ಹೆಪ್ಪುಗಟ್ಟಿದ್ದು ಅರಿವೆಗೆ ಅಂಟಿ ಬಂತು, ಕೆಳಗಿನಿಂದ ರಕ್ತ ಚಿಮ್ಮಿತು. ಮೊಲವನ್ನು ಅವುಚಿಕೊಂಡು ಕಿರುಚುತ್ತ ಗಾಡಿಗಳ ಹಿಂದೆ ಓಡಿದೆ. ಅವು ಆಗಲೇ ಊರಬಾಗಿಲಿನ ಅಗಸಿ ದಾಟಿದ್ದವು.

ಚಾಚಾ ಜಿಗಿದು ಇಳಿದ.

“ನಿಮಗ ಮೊಲಾ ಹೆಚ್ಚೋ, ನಾವು ಹೆಚ್ಚೋ? ಏರ್ರಿ ಮ್ಯಾಲ!” ಚಾಚಿ ಗಾಡಿಯಿಂದಲೇ ಒದರಿದಳು.

“ನೀವು ನಡೀರಿ. ಹಳ್ಳ ದಾಟೋದ್ರಾಗ ಬಂದು ಕೂಡ್ತೇನಿ. ಹುಡುಗಿ ಕೈಲೆ ರಕ್ತ ನಿಲ್ಲೂದಿಲ್ಲ.”

ಗಾಡಿಗಳು ನಿಲ್ಲಲಿಲ್ಲ. ನಿಲ್ಲುವ ದಿನಗಳೂ ಅವಲ್ಲ. ಚಾಚಾ ಅಗಸಿಯ ಕಟ್ಟೆಯ ಮೇಲೆ ಕೂತು ತಾನೇ ಒತ್ತಿ ಹಿಡಿದ. ಗಾಡಿಯ ಧೂಳು ಕಾಣುತ್ತಿತ್ತು, ಆಮೇಲೆ ಅದೂ ಕಾಣಲಿಲ್ಲ... ರಕ್ತ ನಿಂತಿತು.

“ನಾಳಿ ಮುಂಜಾನಿ ಉಪ್ಪುನೀರು ಕಾಸಿ ತೊಳಿ. ಬುಟ್ಟ್ಯಾಗ ಇಡಬ್ಯಾಡ,” ಎಂದು ಚೀಲ ಹೆಗಲಿಗೆ ಹಾಕಿಕೊಂಡು ಬಿರಬಿರನೆ ನಡೆದ. ರುಮಾಲು ಮೊಲದ ಮೈಮೇಲೇ ಉಳಿಯಿತು. ಬರಿದಲೆಯಲ್ಲಿ ಹೋದ.

ಸಂಜೆ ದನ ಹೊಡೆದುಕೊಂಡು ಬಂದವರು ಅಪ್ಪನ ಕಿವಿಯಲ್ಲಿ ಏನೋ ಹೇಳಿದರು. ಅಪ್ಪ ನನ್ನ ಮುಖ ನೋಡದೆ, “ಹೈದರಾಬಾದಿಗಿ ಹೋದ್ನಂತ,” ಎಂದ. ಸುತ್ತಿಗೆ, ಮೊಳೆ ಇದ್ದ ಅವನ ಚೀಲ ಹಳ್ಳದ ದಂಡೆಯಲ್ಲಿ ಬಿದ್ದಿತ್ತು ಎಂದು ಅವ್ವನಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಸಾಮಾನು ಬಿಸಾಕಿ ಯಾವ ನಾಲಬಂದ ಹೈದರಾಬಾದಿಗೆ ಹೋಗುತ್ತಾನೆ? ಗುಲಬರ್ಗಾದಿಂದ ಚಾಚಿ ಎರಡು ಸಲ ಹೇಳಿ ಕಳಿಸಿದಳು, ಹೊರಟನೇ ಎಂದು. ಹೊರಟ ಎಂದು ಅಪ್ಪ ಹೇಳಿ ಕಳಿಸಿದ. ಮೂರನೆಯ ಸಲ ಅವಳು ಕೇಳಲಿಲ್ಲ...

ಮೊಲ ಮೂರು ವರ್ಷ ಬದುಕಿತು. ಮರಿಮಗಳ ಗಿನಿಪಿಗ್ಗೂ ಈಗ ಓಡಾಡುತ್ತಿದೆ. ಅವತ್ತು ನಾನು ಅದರ ಪಾದ ಒತ್ತಿ ಹಿಡಿದಿದ್ದಾಗ, “ಮುತ್ತಜ್ಜಿ, ಒಂದ್ ಸಲ ತೆಗದು ನೋಡೋಣು,” ಎಂದು ಕೈ ಚಾಚಿದವಳಿಗೆ ನಾನು ಫಟ್ಟನೆ ಹೊಡೆದೆ. ಯಾಕೆಂದು ಅವಳಿಗೆ ಹೇಳಲಿಲ್ಲ. ಚಾಚಾನಿಗೆ ಗೋರಿಯೂ ಇಲ್ಲ, ಹೋಗಿ ತಪ್ಪಾಯಿತು ಅನ್ನಲಿಕ್ಕೆ.

ಅವನು ಹೋದ ಮರುದಿನ ಬೆಳಿಗ್ಗೆ ಉಪ್ಪುನೀರು ಕಾಯಿಸಿ ಮೊಲದ ಕಾಲು ತೊಳೆದೆ. ರಕ್ತ ಇರಲಿಲ್ಲ. ಆದರೂ ಅವನ ರುಮಾಲಿನ ತುದಿಯನ್ನು ಆ ಜಾಗಕ್ಕೆ ಒತ್ತಿ ಹಿಡಿದು, ಕಲ್ಲು ತಿರುಗುವ ನಿಧಾನಕ್ಕೆ, ನಾಲ್ಕೂ ಹಾಡು ಹೇಳಿ ಮುಗಿಸಿದೆ. ನಡುವೆ ಎತ್ತಿ ನೋಡಲಿಲ್ಲ.