ಅಪ್ಪನ ಕಂಬಳಿಯ ಅರ್ಧ

ನಮ್ಮಪ್ಪ ಕುರಿ ಕಾಯುತ್ತಿದ್ದ. ಅವನ ಕಂಬಳಿ ಸವೆದು ಜಾಳಾಗಿತ್ತು. ನಮ್ಮ ಕುರಿಗಳ ಉಣ್ಣೆಯನ್ನೇ ನೂತು ಅಪ್ಪನಿಗೊಂದು ಹೊಸದು ಮಾಡಿಸಿ ಕೊಡೋಣ ಎಂದವಳು ನನ್ನ ತಂಗಿ. ನಮ್ಮ ಕಡೆ ಎರಡು ಪಟ್ಟಿ ನೇಯ್ದು ನಡುವೆ ಹೊಲಿಯುತ್ತಾರೆ. ಒಂದು ಪಟ್ಟಿಗೆ ಅವಳು, ಇನ್ನೊಂದಕ್ಕೆ ನಾನು ನೂಲಬೇಕೆಂದು ಮಾತಾಯಿತು.

ಅಪ್ಪ ಕುರಿ ಹೊಡೆದುಕೊಂಡು ಹೋದ ಮೇಲೆ ತಂಗಿ ನೂಲುವ ಕದಿರು ಹಿಡಿದು ಕೂರುತ್ತಿದ್ದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಪಕ್ಕದ ಮನೆಯ ಟಿವಿ ಮುಂದೆ ದಿನ ಕಳೆದೆ. ಅವಳ ಬುಟ್ಟಿ ತುಂಬಿತು; ನನ್ನದು ಎರಡೇ ಉಂಡೆ. ಕೊನೆಗೆ ಚಳ್ಳಕೆರೆ ಸಂತೆಯಲ್ಲಿ ಯಾರೋ ನೂತಿದ್ದ ಕರಿ ನೂಲು ಕೊಂಡು ತಂದೆ. ನಮ್ಮ ಉಣ್ಣೆಯನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ತಂಗಿಗೂ ಹೇಳಲಿಲ್ಲ.

ನೇಕಾರನ ಮನೆಯಿಂದ ಕಂಬಳಿ ಬಂತು. ಅಪ್ಪ ಹೊದೆಯಲಿಲ್ಲ, ತೊಡೆಯ ಮೇಲೆ ಹರಡಿಕೊಂಡ. ಒಂದು ಪಟ್ಟಿ ಸವರಿದ, ಇನ್ನೊಂದು ಸವರಿದ, ಎಳೆಯೊಂದನ್ನು ಎತ್ತಿ ಮೂಸಿದ. ಬೆರಳಿಗೆ ಏನು ತಿಳಿಯುತ್ತದೋ ಎಂದು ನಾನು ನೋಡುತ್ತಿದ್ದೆ.

"ಇದು ನಮ್ಮ ಕುರೀದಲ್ಲ. ಯಾರು ನೂತಿದ್ದು?"

ನಾನು ತಂಗಿಯ ಕಡೆ ಗದ್ದ ಎತ್ತಿ ತೋರಿಸಿದೆ. ಅವಳು ನನ್ನನ್ನೇ ನೋಡಿದಳು.

"ಕೊಂಡಿದ್ದನ್ನ ಕೊಂಡಿದ್ದು ಅಂತ್ಲೇ ಹೇಳ್ಬೇಕು ಕಣವ್ವ," ಎಂದು ಅಪ್ಪ ಇಬ್ಬರ ಕಡೆಯೂ ನೋಡದೆ ಕಂಬಳಿ ಮಡಚಿಟ್ಟ. ಆಮೇಲೆ ದಿನವೂ ಅದನ್ನೇ ಹೊದ್ದು ಹೋದ.

ಮದುವೆಯಾಗಿ ನಾನು ದೇವಸಮುದ್ರಕ್ಕೆ ಬಂದೆ, ತಂಗಿ ತಳಕಿಗೆ ಹೋದಳು. ಅಪ್ಪನಿಗೆ ಹೇಗೆ ಗೊತ್ತಾಯಿತು ಎಂಬುದು ಮಾತ್ರ ತಲೆಯಿಂದ ಹೋಗಲಿಲ್ಲ. ಎಂಟು ವರ್ಷದ ಮೇಲೆ, ತವರಿಗೆ ಹೋಗಿದ್ದ ಒಂದು ಮಧ್ಯಾಹ್ನ, ಅವನು ಅದೇ ಕಂಬಳಿ ಹಾಸಿ ಕೂತಿದ್ದಾಗ, ನಡೆದದ್ದನ್ನೆಲ್ಲ ಹೇಳಿ ಕೇಳಿಯೂಬಿಟ್ಟೆ.

ಅಪ್ಪ ಎರಡೂ ಪಟ್ಟಿಯಿಂದ ಒಂದೊಂದು ಎಳೆ ಎಬ್ಬಿಸಿ ನನ್ನ ಅಂಗೈಗಿಟ್ಟ. ಉಣ್ಣೆ ಬೇರೆಯದೆಂದು ಮುಟ್ಟಿದರೆ ತಿಳಿಯುತ್ತದೆ ಎಂದ. ನೂಲು ತಿರುಚಿಕೊಂಡಿರುವ ಹುರಿಯನ್ನೂ ನೋಡು ಎಂದ. ಒಂದರ ಹುರಿ ಬಲಕ್ಕೆ, ಇನ್ನೊಂದರದು ಎಡಕ್ಕೆ.

"ನಿನ್ನ ತಂಗಿ ಎಡಚಿ. ಕದಿರು ತಿರುಗ್ಸೋದೂ ಎಡಗೈಲೇ. ಅವಳು ನೂತಿದ್ದು ಯಾವ್ದು ಅಂತ ಅವತ್ತೇ ಗೊತ್ತಿತ್ತು."

ಹುಟ್ಟಿದಾಗಿಂದ ಜೊತೆಗಿದ್ದ ನನಗೆ ಇದು ಹೊಳೆದಿರಲಿಲ್ಲ. ಮತ್ತೆ ನೀನು ಯಾಕೆ ಸುಮ್ಮನಿದ್ದೆ ಎಂದು ಅಪ್ಪನನ್ನು ಕೇಳಿದೆ.

"ನಂಗೊತ್ತು ಅಂತ ಅವಳಿಗೆ ಅವತ್ತೇ ಹೇಳ್ದೆ. ಅಕ್ಕನೇ ಬಂದು ನಂಗೆ ಹೇಳ್ಲಿ ಬಿಡಪ್ಪ ಅಂದ್ಳು. ಅವಳಿಗೆ ಹೇಳಿದ್ಯಾ?"

ಇಲ್ಲ ಎಂದು ತಲೆಯಾಡಿಸಿದೆ. ಸಂಜೆ ಹೊರಟು ಬಂದಾಗ ದೇವಸಮುದ್ರಕ್ಕೆ ಹೋಗುವ ಬಸ್ಸು ನಿಲ್ದಾಣದಲ್ಲಿ ನಿಂತಿತ್ತು. ನಾನು ತಳಕಿನ ಬಸ್ಸು ಹತ್ತಿದೆ.