ಉಮ್ಮ ತಂದ ಮಂಜಿ

ಕಳೆದ ತಿಂಗಳು ಡಾಕ್ಟರು ನನ್ನ ಹೃದಯದ ಬಗ್ಗೆ ಕೆಲವು ಅನುಮಾನಗಳನ್ನು ವ್ಯಕ್ತಪಡಿಸಿ ಮೀನೆಣ್ಣೆಯ ಗುಳಿಗೆ ಬರೆದುಕೊಟ್ಟರು. ಹುಟ್ಟಿದಂದಿನಿಂದ ಬೂತಾಯಿ ಮೀನು ತಿಂದೇ ಬೆಳೆದವನು ನಾನು. ಅದೇ ಎಣ್ಣೆಯನ್ನು ಮುತ್ತಿನಂತೆ ಹೊಳೆಯುವ ಗುಳಿಗೆಗೆ ತುಂಬಿಸಿ ಕೊಟ್ಟಾಗ ವಿಜ್ಞಾನಕ್ಕೆ ಮನಸ್ಸಿನಲ್ಲೇ ವಂದಿಸಿ ನುಂಗತೊಡಗಿದೆ. ಮೊನ್ನೆ ಒಂದು ಗುಳಿಗೆ ಬೆರಳುಗಳ ನಡುವೆ ಒಡೆಯಿತು. ಮನೆಯವರೆಲ್ಲ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಮರದಲ್ಲಿ ಕೆತ್ತಿದ ಒಂದು ಪುಟ್ಟ ಹಡಗು ಕಂಡಿತು. ಅದರ ಹಿಂದೆ, ಮಡಚಿದ ಕೊಡೆಯನ್ನು ಕಂಕುಳಲ್ಲಿಟ್ಟು ನಿಂತ ಒಬ್ಬ ಹೆಂಗಸು...

ಐವತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ನಾನು ಹೈಸ್ಕೂಲು ಮಾಸ್ತರನಾಗಿ ಕುದ್ರೋಳಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದಿದ್ದೆ. ಪಕ್ಕದ ಮನೆಯಲ್ಲಿ ಒಬ್ಬ ಬ್ಯಾರಿ ಹೆಂಗಸು ಇದ್ದರು. ಮಕ್ಕಳು ತಾಯಿಯನ್ನು ಕರೆಯುವಂತೆ ಓಣಿಗೆ ಓಣಿಯೇ, ಹಿಂದೂಗಳೂ ಮುಸ್ಲಿಮರೂ, ಅವರನ್ನು ‘ಉಮ್ಮ’ ಎನ್ನುತ್ತಿದ್ದೆವು. ಗಂಡ ಎಂದೋ ತೀರಿಕೊಂಡಿದ್ದ. ಮನೆಯಲ್ಲಿ ಉಮ್ಮ ಮತ್ತು ಬೀಡಿ ಕಟ್ಟುವ ಸೊಸೆ, ಇಬ್ಬರೇ.

ಒಬ್ಬನೇ ಮಗ ಮಂಜಿಯಲ್ಲಿ ಅಡುಗೆಯವನಾಗಿದ್ದ. ಮಂಜಿಯೆಂದರೆ ನಮ್ಮ ಬಂದರಿನಿಂದ ಹಂಚು ಹೇರಿಕೊಂಡು ಬೊಂಬಾಯಿಗೂ ಅದರಾಚೆಗೂ ಹೋಗುತ್ತಿದ್ದ ಹಾಯಿ ಹಡಗು. ಮದುವೆಯಾದ ವರ್ಷವೇ ಅವನು ಹೋದ ಮಂಜಿ ಎಲ್ಲಿಗೂ ಮುಟ್ಟಲಿಲ್ಲ. ಒಂದು ಹಲಗೆಯೂ ದಡಕ್ಕೆ ಬರಲಿಲ್ಲ, ಒಂದು ಹೆಣವೂ ಬರಲಿಲ್ಲ. ಬಸ್ರಾದ ಬಂದರಿನಲ್ಲಿ ಅವನ ಹಾಗಿನವನೊಬ್ಬನನ್ನು ಕಂಡೆ ಎಂದು ಯಾರೋ ಹೇಳಿದ್ದರಂತೆ. ಆ ‘ಯಾರೋ’ ಯಾರೆಂದು ವಿಚಾರಿಸಿದರೆ ಅವನು ಇನ್ನೊಬ್ಬನ ಬಾಯಿಂದ ಕೇಳಿದ್ದು. ಉಮ್ಮನಿಗೆ ಅಷ್ಟು ಸಾಕಾಗಿತ್ತು. ಮಗ ಹೋದನೆಂದು ಅವರು ಒಪ್ಪಲಿಲ್ಲ, ಸತ್ತವರಿಗೆ ಮಾಡುವ ಪ್ರಾರ್ಥನೆಯನ್ನು ಮನೆಯಲ್ಲಿ ಮಾಡಗೊಡಲಿಲ್ಲ. ವರ್ಷಗಳು ಹಾಗೆಯೇ ಕಳೆದಿದ್ದವು.

ಇನ್ನು ನಮ್ಮ ಸಂಘದ ವಿಚಾರ. ಊರಿನ ಸಂಸ್ಕೃತಿಯ ಉದ್ಧಾರದ ಹೊಣೆಯನ್ನು ಯಾರೂ ಕೇಳದಿದ್ದರೂ ಹೊತ್ತುಕೊಂಡಿದ್ದ ಒಂದು ಸಂಘಕ್ಕೆ ನಾನು ಸಹಕಾರ್ಯದರ್ಶಿ. ಅರ್ಥಾತ್, ಬೆಂಚು ಎತ್ತಿಡುವವನು. ಕೊಡಿಯಾಲ್‌ಬೈಲಿನ ಶಾಲೆಯೊಂದರ ಹಾಲಿನಲ್ಲಿ ನಮ್ಮ ಉಪನ್ಯಾಸಗಳು ನಡೆಯುತ್ತಿದ್ದವು. ಅತಿಥಿಗಳ ಪರಿಚಯ ಅತಿಥಿಗಳ ಭಾಷಣಕ್ಕಿಂತ ಉದ್ದವಾಗಿರಬೇಕೆಂಬುದು ನಮ್ಮ ಸಂಪ್ರದಾಯ. ದಸರಾ ರಜೆಯಲ್ಲಿ ಒಂದು ಪ್ರದರ್ಶನ. ಊರಿನ ಮನೆಮನೆಗಳಿಂದ ಚಿತ್ರ, ಕೆತ್ತನೆ, ಹಳೆಯ ದೀಪ, ಮಣೆ, ಪೆಟ್ಟಿಗೆಗಳನ್ನು ಎರವಲು ತಂದು ಜೋಡಿಸಿ, ಮಾಡಿದವರ ಹೆಸರು ಬರೆದು ಅಂಟಿಸುತ್ತಿದ್ದೆವು.

ನಮ್ಮ ಅಧ್ಯಕ್ಷರು ವಕೀಲರು. ನಿಯಮವಿಲ್ಲದೆ ಅವರು ಎಲೆಯಡಿಕೆಯನ್ನೂ ಹಾಕಿಕೊಳ್ಳುತ್ತಿರಲಿಲ್ಲವೆಂದು ಸದಸ್ಯರು ಆಡಿಕೊಳ್ಳುವುದಿತ್ತು. ನಾನು ಹೇಳಹೊರಟ ವರ್ಷಕ್ಕೆ ಹಿಂದಿನ ವರ್ಷ ಬೆಳಕು ಬೀಳುವ ಒಂದು ಗೋಡೆಗಾಗಿ ಇಬ್ಬರು ಚಿತ್ರಕಾರರು ಕಿತ್ತಾಡಿ, ಒಬ್ಬರು ಇನ್ನೊಬ್ಬರ ಚಿತ್ರವನ್ನು ಗೋಡೆಯ ಕಡೆಗೆ ಮುಖ ಮಾಡಿ ತೂಗುಹಾಕಿಬಿಟ್ಟಿದ್ದರು. ಅಧ್ಯಕ್ಷರು ಕೂಡಲೇ ತುರ್ತುಸಭೆ ಕರೆದು ಒಂದು ನಿಬಂಧನೆ ತಂದರು. ಇನ್ನು ಮುಂದೆ ತೀರಿಕೊಂಡವರು ಮಾಡಿದ ವಸ್ತುಗಳಿಗೆ ಮಾತ್ರ ಪ್ರದರ್ಶನದಲ್ಲಿ ಜಾಗ. ತೀರಿಕೊಂಡವರು ಗೋಡೆಗಾಗಿ ಜಗಳಾಡುವುದಿಲ್ಲ ಎಂಬುದು ಅವರ ವಾದ. ಸರ್ವಾನುಮತದಿಂದ ಅಂಗೀಕಾರವಾಯಿತು. ಎಲ್ಲ ಹೆಸರುಗಳ ಹಿಂದೆ ‘ದಿವಂಗತ’ ಎಂದು ಬರೆಯುವ ಸುಂದರ ಕೈಬರಹವೂ ಅಧ್ಯಕ್ಷರದೇ.

ಆ ವರ್ಷದ ಪ್ರದರ್ಶನಕ್ಕೆ ಸಾಮಾನು ಸ್ವೀಕರಿಸುತ್ತಿದ್ದ ಬೆಳಗ್ಗೆ ಉಮ್ಮ ಹಾಲಿಗೆ ಬಂದರು. ಮದುವೆ, ಹೆರಿಗೆ, ಆಸ್ಪತ್ರೆ ಬಿಟ್ಟು ಎಲ್ಲಿಗೂ ಹೊರಡದಿದ್ದವರು ಕುದ್ರೋಳಿಯಿಂದ ನಡೆದೇ ಬಂದಿದ್ದರು, ಮುಖಕ್ಕೆ ಕೊಡೆಯ ಮರೆ ಮಾಡಿಕೊಂಡು. ಹಿಂದೆ ಸೊಸೆ. ಸೊಸೆಯ ಕೈಯಲ್ಲಿ ಬಿಳಿ ಬಟ್ಟೆ ಸುತ್ತಿದ ಒಂದು ಗಂಟು. ಬಿಚ್ಚಿದರೆ ಮಗ ಮರದಲ್ಲಿ ಕೆತ್ತಿದ್ದ ಮಂಜಿ! ಮೊಳದುದ್ದ, ಹಾಯಿ ಹಗ್ಗಗಳೆಲ್ಲ ಸರಿಯಾಗಿ ಇದ್ದವು. ನಿಜವಾದ ಹಡಗಿಗೆ ಬಳಿಯುವ ಹಾಗೆಯೇ ಮೀನೆಣ್ಣೆ ಬಳಿದಿದ್ದ. ಹಡಗಿನ ಹಿಂಬದಿಯಲ್ಲಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ ಹೆಬ್ಬೆರಳಿನಷ್ಟು ಒಬ್ಬ ಮನುಷ್ಯ, ಕೈಯಲ್ಲಿ ಸೌಟು.

“ಇದು ಅವನೇ,” ಎಂದರು ಉಮ್ಮ. “ಮಂಜಿ ಮಾಡಿದಾಗೆಲ್ಲ ಅವ ಇದೊಂದು ಕೂರಿಸ್ತಾನೆ. ಎಲ್ಲಿದ್ರೂ ಹೀಗೇ ಮಾಡ್ತಾನೆ. ಈಗ ಬಂದರಿನಲ್ಲಿ ಎಲ್ಲ ಊರಿನ ಜನ ಉಂಟಲ್ಲ ಮಾಸ್ಟ್ರೇ. ನೋಡ್ಲಿಕ್ಕೆ ಬಂದವರು ಯಾರಾದ್ರೂ, ಇಂಥದ್ದು ಇಂಥ ಕಡೆ ಕಂಡಿದ್ದೇನೆ ಅಂತ ಹೇಳಿದ್ರೆ...”

ಮಳೆಗಾಲ ಮುಗಿದು ಮಂಜಿಗಳು ನೀರಿಗಿಳಿಯುವ ದಿನಗಳು ಅವು. ಮಂಜಿಗಳಲ್ಲಿ ದುಡಿಯುವ ಖಲಾಸಿಗಳು ದಸರಾ ನೋಡಿಕೊಂಡೇ ಹೊರಡುವವರು. ನಮ್ಮ ಪ್ರದರ್ಶನಕ್ಕೆ ಪ್ರವೇಶ ಉಚಿತವಾದ ಕಾರಣ ಅವರೂ ನುಗ್ಗುತ್ತಿದ್ದರು. ಉಮ್ಮ ಇದನ್ನೆಲ್ಲ ಯೋಚಿಸಿಯೇ ಬಂದಿದ್ದರು.

ಅಧ್ಯಕ್ಷರು ಮಂಜಿಯನ್ನು ಸುತ್ತು ಬಂದು ನೋಡಿ ಮೆಚ್ಚಿ ತಲೆದೂಗಿದರು. ಆಮೇಲೆ ಪೆನ್ನು ತೆಗೆದು, ಎಲ್ಲರನ್ನೂ ಕೇಳುವಂತೆ ಕೇಳಿದರು, “ಮಾಡಿದವರು ತೀರಿಕೊಂಡಿದ್ದಾರಲ್ಲ?”

ಸೊಸೆ ಕೊಡೆಯ ಹಿಂದೆ ಸರಿದಳು. ಉಮ್ಮ, “ಎಂತ?” ಎಂದರು.

ಅಧ್ಯಕ್ಷರು ನಿಬಂಧನೆಯನ್ನು ವಿವರಿಸಿದರು. ಉಮ್ಮ ಪೂರ್ತಿ ಕೇಳಿದರು. “ಸತ್ತ ಅಂದ್ರೆ ಇಡ್ತೀರಿ, ಉಂಟು ಅಂದ್ರೆ ಇಡುದಿಲ್ಲ. ಇದೆಂತ ನ್ಯಾಯ ವಕೀಲರೇ?”

ಖಜಾಂಚಿಗಳು, ಜವಳಿ ಅಂಗಡಿಯವರು, ಮೆದು ಮನುಷ್ಯ. ಒಂದು ದಾರಿ ತೋರಿಸಿದರು. “ತೀರಿಕೊಂಡಿರಬಹುದು ಅಂತ ಬರೆದ್ರೆ ಆಗುದಿಲ್ವಾ?”

“‘ಇರಬಹುದು’ ಅಂತ ಬರೆದು ಯಾವ ಗೋಡೆಗೂ ಮೊಳೆ ಹೊಡೀಲಿಕ್ಕೆ ಆಗುದಿಲ್ಲ ಮಾರಾಯ,” ಎಂದರು ಅಧ್ಯಕ್ಷರು. ಆದರೆ ಎಂದಿನ ಗತ್ತು ಇರಲಿಲ್ಲ. ಉಮ್ಮನ ಕಡೆ ತಿರುಗಿ, “ಒಂದು ಮಾತು ಹೇಳಿದ್ರೆ ಸಾಕಮ್ಮ, ಶಾಸ್ತ್ರಕ್ಕೆ” ಎಂದರು.

ಉಮ್ಮ ಮಂಜಿಗೆ ಬಟ್ಟೆ ಸುತ್ತುತ್ತ ನನ್ನ ಕಡೆ ನೋಡಿ ಹೇಳಿದರು, “ಶಾಸ್ತ್ರಕ್ಕೆ ಹೇಳುವ ಮಾತಲ್ಲ ಮಾಸ್ಟ್ರೇ ಅದು. ತಾಯಿ ಹೇಳಿದ್ರೆ ಆಗಿ ಹೋಯ್ತು.”

ಅತ್ತೆ ಸೊಸೆ ಬಂದ ದಾರಿಯಲ್ಲೇ ಹೋದರು. ಪ್ರದರ್ಶನ ವಿಜೃಂಭಣೆಯಿಂದ ಜರಗಿತು. ಖಲಾಸಿಗಳು ಬಂದು ದಿವಂಗತರ ಹಿತ್ತಾಳೆ ದೀಪಗಳನ್ನು ಬೆರಳಿನಿಂದ ಬಡಿದು ನೋಡಿ ಹೋದರು. ಮರುವಾರ ಮಂಜಿಗಳೆಲ್ಲ ಹೊರಟುಹೋದವು.

ಅಧ್ಯಕ್ಷರಿಗೆ ಅದು ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು. ಆಮೇಲೆ ನನ್ನನ್ನು ಕಂಡಾಗೆಲ್ಲ ಮೊದಲು ಕೇಳುತ್ತಿದ್ದುದು “ಆ ಅಮ್ಮನಿಗೆ ಸುದ್ದಿ ಎಂತಾದ್ರೂ ಬಂತೋ?” ಎಂದೇ. ಬರಲಿಲ್ಲ. ಕೊನೆಗೆ ಮಹಾಸಭೆಯಲ್ಲಿ ತಾವೇ ಮಾಡಿದ ನಿಬಂಧನೆಗೆ ತಾವೇ ತಿದ್ದುಪಡಿ ತಂದರು. ಇದ್ದವರು, ಇಲ್ಲದವರು, ಹಾಗೂ ಇದ್ದಾರೋ ಇಲ್ಲವೋ ತಿಳಿಯದವರು, ಮೂವರ ಕೃತಿಗಳಿಗೂ ಜಾಗ ಉಂಟು. ಆ ಮೂರನೆಯ ವರ್ಗ ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ. ಚಿತ್ರಕಾರರಿಬ್ಬರೂ ತಮಗೇ ನ್ಯಾಯ ಸಿಕ್ಕಿತೆಂದು ಚಪ್ಪಾಳೆ ತಟ್ಟಿದರು.

ಮರುವರ್ಷದ ದಸರಾಕ್ಕೆ ಮೊದಲು ಅಧ್ಯಕ್ಷರು ಇಸ್ತ್ರಿಯ ಕೋಟು ಹಾಕಿಕೊಂಡು ನನ್ನೊಡನೆ ಉಮ್ಮನ ಮನೆಗೆ ಬಂದರು. ಅಂಥ ದೊಡ್ಡ ವಕೀಲರು ಓಣಿಯಲ್ಲಿ ಮಕ್ಕಳ ಹಾಗೆ ಮುಂದೆ ಮುಂದೆ ನಡೆಯುತ್ತಿದ್ದರು. ನಾನು ಆ ಬೇಸಗೆಯಲ್ಲಿ ಊರಿಗೆ ಹೋದವನು ತಾಯಿಯ ಕಾಯಿಲೆಯಿಂದಾಗಿ ರಜೆ ಹಾಕಿ ಅಲ್ಲೇ ಉಳಿದು, ಮರಳಿ ಬಂದು ಎರಡು ದಿನವಷ್ಟೇ ಆಗಿತ್ತು. ಹಾಗಾಗಿ ನಡುವೆ ಉಮ್ಮನ ಮನೆಯಲ್ಲಿ ನಡೆದದ್ದು ನನಗೂ ತಿಳಿದಿರಲಿಲ್ಲ.

ಉಮ್ಮ ಬೆಲ್ಲದ ಚಾ ತಂದರು. ಅವರೇ ತಂದರು. ಬೀಡಿ ಕಟ್ಟುವ ಗೆರಸೆ ಗೋಡೆಗೆ ಒರಗಿತ್ತು, ಎಲೆಯಾಗಲಿ ಹೊಗೆಸೊಪ್ಪಾಗಲಿ ಇರಲಿಲ್ಲ.

“ಸೊಸೆ ಎಲ್ಲಿ ಉಮ್ಮ?” ಎಂದೆ.

“ಉಳ್ಳಾಲಕ್ಕೆ ಕೊಟ್ಟೆ,” ಎಂದರು. ಮಗಳನ್ನು ಕೊಟ್ಟ ತಾಯಿ ಹೇಳುವ ಹಾಗೆಯೇ.

ಒಳ್ಳೆಯ ಕಡೆಯಿಂದ ಸಂಬಂಧ ಬಂದಿತ್ತಂತೆ. ಹುಡುಗಿ ಬಾಯಿ ಬಿಟ್ಟು ಏನೂ ಕೇಳಿರಲಿಲ್ಲ, ತಲೆ ತಗ್ಗಿಸಿ ಬೀಡಿ ಕಟ್ಟುತ್ತಲೇ ಇದ್ದಳಂತೆ. ಮಗ ಇಲ್ಲವೆಂದು ಮಸೀದಿಯ ಹಿರಿಯರು ತಮ್ಮ ಮಟ್ಟಿಗೆ ಎಂದೋ ತೀರ್ಮಾನಿಸಿದ್ದರೂ ತಾಯಿಯ ಬಾಯಿಂದ ಒಂದು ಮಾತು ಬರಲಿ ಎಂದು ಕಾಯುತ್ತಿದ್ದರು. ಉಮ್ಮ ಅವರ ಮುಂದೆ ಹೋಗಿ ಹೇಳಿ ಬಂದರು.

“ಅವಳಿಗೆ ಎಷ್ಟು ಪ್ರಾಯ ಮಾಸ್ಟ್ರೇ? ನಾನು ಕಾಯುವುದು ಬೇರೆ, ಅವಳನ್ನು ಕಾಯಿಸುವುದು ಬೇರೆ ಅಲ್ವಾ...” ಎಂದು ಒಳಗೆ ಹೋಗಿ ಮಂಜಿಯನ್ನು ತಂದು ಅಧ್ಯಕ್ಷರ ಮುಂದಿಟ್ಟರು. “ತಕೊಳ್ಳಿ ವಕೀಲರೇ. ಈಗ ನಿಮ್ಮ ನಿಯಮಕ್ಕೆ ಸರಿ ಆಯ್ತು.”

ಅಧ್ಯಕ್ಷರ ಕೈಯಲ್ಲಿ ಚಾದ ಲೋಟ ಹಾಗೆಯೇ ಇತ್ತು. ಕೋರ್ಟಿನಲ್ಲಿ ಮಾತಿಗೆ ಎಂದೂ ತಡವರಿಸದ ಮನುಷ್ಯ ನನ್ನ ಮುಖ ನೋಡಿದರು. ನಾನೇ ಹೇಳಬೇಕಾಯಿತು, “ನಿಯಮ ಬದಲಾಯಿಸಿದ್ದೇವೆ ಉಮ್ಮ. ಈಗ ಯಾರೂ ಎಂತದೂ ಹೇಳಬೇಕಾಗಿಲ್ಲ.”

ಉಮ್ಮ ನಕ್ಕರು. ಆ ನಗೆಯನ್ನು ನಾನು ವರ್ಣಿಸಲಾರೆ.

“ಚಾ ಆರಿತು, ಕುಡಿಯಿರಿ,” ಎಂದರು.

ಪ್ರದರ್ಶನದ ಮೊದಲ ದಿನ ಉಮ್ಮ ಒಬ್ಬರೇ ಬಂದರು. ಬೆಳಕು ಬೀಳುವ ಆ ಪ್ರಸಿದ್ಧ ಗೋಡೆಯ ಬಳಿಯೇ ಮಂಜಿಯನ್ನು ಇಟ್ಟಿದ್ದೆವು, ಚಿತ್ರಕಾರರಿಬ್ಬರೂ ತುಟಿಪಿಟಕ್ಕೆನ್ನದೆ ಜಾಗ ಬಿಟ್ಟುಕೊಟ್ಟಿದ್ದರು. ಖಲಾಸಿಗಳ ದೊಡ್ಡ ಗುಂಪೇ ಅಲ್ಲಿ ನೆರೆದಿತ್ತು. ಕಟ್ಟಿದ ರೀತಿಯನ್ನು ಹೊಗಳುವವರು, ಹಗ್ಗದಲ್ಲಿ ತಪ್ಪು ಹುಡುಕುವವರು. ಒಬ್ಬ ಮುದುಕ ಬಗ್ಗಿ ಆ ಅಡುಗೆಯವನನ್ನೇ ಬಹಳ ಹೊತ್ತು ನೋಡಿದ. ಉಮ್ಮ ಅವನಿಂದ ಎರಡೇ ಮಾರು ದೂರದಲ್ಲಿದ್ದರು. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ನಾನು ಉಸಿರು ಹಿಡಿದಿದ್ದೆ. ಕೇಳಲಿಲ್ಲ. ಮುದುಕ ಬಟ್ಟೆಯ ತುದಿಯಿಂದ ಕನ್ನಡಕ ಒರೆಸಿಕೊಂಡು ಮುಂದಿನ ಮೇಜಿಗೆ ಹೋದ.

ಗುಂಪು ಕರಗಿದ ಮೇಲೆ ಉಮ್ಮ ಚೀಟಿಯನ್ನು ತೋರಿಸಿ, ಎಂತ ಬರೆದದ್ದು, ಓದಿ ಎಂದರು. ಓದಿದೆ. ಮಂಜಿಯ ಮಾದರಿ, ಕುದ್ರೋಳಿ, ಮಾಡಿದವನ ಹೆಸರು.

“ಆ ಮಾತು ಎಲ್ಲಿ?”

ಅಧ್ಯಕ್ಷರು ಅದನ್ನು ಬರೆದಿರಲಿಲ್ಲ. ಹೆಸರಿನ ಹಿಂದೆ ಜಾಗ ಮಾತ್ರ ಬಿಟ್ಟಿದ್ದರು. ಪಕ್ಕದಲ್ಲೇ ನಿಂತಿದ್ದ ಅವರು ಮೆಲ್ಲನೆ, “ಬೇಡಮ್ಮ, ಹಾಗೇ ಇರಲಿ” ಎಂದರು.

“ಬರೀರಿ,” ಎಂದರು ಉಮ್ಮ. “ಮಸೀದಿಯಲ್ಲಿ ಒಂದು ಹೇಳಿ, ಇಲ್ಲಿ ಇನ್ನೊಂದು ಬರೆದ್ರೆ ಆ ಹುಡುಗಿಯ ಗತಿ ಎಂತ? ನಾಳೆ ಉಳ್ಳಾಲದವರು ಯಾರಾದ್ರೂ ನೋಡಿ, ಅವ ಇದ್ದಾನೋ ಇಲ್ಲವೋ ಅಂತ ಅವಳ ಹತ್ತಿರ ಕೇಳಿದ್ರೆ?”

ಅಧ್ಯಕ್ಷರು ಪೆನ್ನು ತೆಗೆದರು. ಅಷ್ಟು ಜನರ ಹೆಸರಿನ ಹಿಂದೆ ಅಷ್ಟು ಚೆಂದವಾಗಿ ಬರೆದಿದ್ದ ಆ ಪದ ಅಂದು ವಕ್ರವಾಗಿ ಬಂತು. ಉಮ್ಮನಿಗೆ ಕನ್ನಡ ಓದಲು ಬಾರದು. ಆದರೂ ಅವರು ಬಗ್ಗಿ ಅಕ್ಷರ ಅಕ್ಷರವನ್ನೂ ನೋಡುತ್ತಿದ್ದರು, ಶಾಯಿ ಆರುವ ತನಕ. ಮತ್ತೆ ಕೊಡೆ ಬಿಡಿಸಿಕೊಂಡು ಹೊರಟರು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ.

ಮಂಜಿಯನ್ನು ಮರಳಿ ಒಯ್ಯಲು ಅವರು ಬರಲಿಲ್ಲ. ನಾನು ಮನೆಗೆ ತಂದುಕೊಡುತ್ತೇನೆಂದರೆ, “ಅಲ್ಲೇ ಇರಲಿ, ಜನ ನೋಡ್ಲಿ” ಎಂದರು. ಅರುವತ್ತರ ದಶಕದ ನಡುವೆ, ನಾನು ವರ್ಗವಾಗಿ ಕಾರ್ಕಳದಲ್ಲಿದ್ದಾಗ, ಉಮ್ಮ ತೀರಿಕೊಂಡ ಸುದ್ದಿ ಬಂತು. ಮಣ್ಣಾಗಿ ನಾಲ್ಕಾರು ದಿನ ಕಳೆದಿತ್ತು. ಉಳ್ಳಾಲದ ಹುಡುಗಿ ಕೊನೆಗಾಲದಲ್ಲಿ ಮಕ್ಕಳೊಡನೆ ಬಂದು ನೋಡಿಕೊಂಡಳೆಂದು ಕೇಳಿದೆ. ಅಧ್ಯಕ್ಷರೂ ಹೋದರು. ಸಂಘವೂ ಹೋಯಿತು, ನಿಬಂಧನೆಗಳ ಸಮೇತ. ಅದರ ಸಾಮಾನುಗಳನ್ನು ಯಾರು ಯಾರು ಹಂಚಿಕೊಂಡರೋ, ಆ ಹಡಗು ಯಾವ ಅಟ್ಟ ಸೇರಿತೋ... ಕೇಳೋಣವೆಂದರೆ ಬಲ್ಲವರು ಯಾರೂ ಉಳಿದಿಲ್ಲ.

ಈಗಲೂ ಊರಿನಲ್ಲಿ ಪ್ರದರ್ಶನಗಳಾಗುತ್ತವೆ, ಹಿರಿಯನೆಂದು ನನ್ನನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಕಲಾವಿದರು ಜೀವಂತವಾಗಿ ತಮ್ಮ ತಮ್ಮ ಕೃತಿಗಳ ಪಕ್ಕದಲ್ಲೇ ನಿಂತಿರುತ್ತಾರೆ. ಯಾರದೋ ತಾಯಿ ಮಗನ ಚಿತ್ರದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಆಗ ನನ್ನ ತಲೆ ತಾನಾಗಿಯೇ ಒಂದು ಲೆಕ್ಕ ಹಾಕತೊಡಗುತ್ತದೆ. ಉಮ್ಮನ ಮಗ ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವನು, ಎಲ್ಲಾದರೂ ಇದ್ದರೆ ಈಗ ಇಷ್ಟಾಗಿರಬೇಕು, ಕೈ ನಡುಗಿದರೂ ಕೆತ್ತುವುದನ್ನು ಬಿಟ್ಟಿರಲಾರ... ಹೆತ್ತ ತಾಯಿಯೇ ಮುಗಿಸಿದ ಲೆಕ್ಕವನ್ನು ಪಕ್ಕದ ಮನೆಯವನು ಮುಂದುವರಿಸುವುದು ಸರಿಯಲ್ಲ. ನನಗೆ ಗೊತ್ತುಂಟು.