ಸರ್ವರ್ ಒಪ್ಪದ ತಿದ್ದುಪಡಿ

ಮದುವೆಯ ಕರೆಯೋಲೆ ಕೈಗೆ ಬಂದರೆ ನಾನು ಮೊದಲು ನೋಡುವುದು ವಧೂವರರ ಹೆಸರನ್ನಲ್ಲ, ತಿಥಿಗೂ ವಾರಕ್ಕೂ ತಾಳೆಯಾಗುತ್ತದೆಯೇ ಎಂಬುದನ್ನು. ಶಾಸನಗಳ ಕಾಲನಿರ್ಣಯದಲ್ಲಿ ಸವೆದ ಕಣ್ಣು ನಿವೃತ್ತಿಯಾದರೂ ಚಟ ಬಿಟ್ಟಿಲ್ಲ. ಸೋಮವಾರವೆಂದು ಕೆತ್ತಿದ ದಿನ ಲೆಕ್ಕದಲ್ಲಿ ಮಂಗಳವಾರವಾದರೆ, ಶತಮಾನಗಳ ಹಿಂದೆ ತೀರಿಕೊಂಡ ಕಲ್ಲುಕುಟಿಗನ ಮೇಲೆ ನನಗೆ ಈಗಲೂ ಮುನಿಸು ಬರುತ್ತದೆ.

ಈ ಚಟಕ್ಕೆ ಯಂತ್ರರೂಪ ಕೊಟ್ಟವಳು ನನ್ನ ಹೆಂಡತಿ ಪದ್ಮಾ. ಮದರಾಸಿನ ನುಂಗಂಬಾಕ್ಕಂನ ಕಚೇರಿಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಂಡು ನಿವೃತ್ತಳಾದವಳು. ನಾನು ಗಣಿತ ಹೇಳಿದೆ, ಅವಳು ಪೈಥಾನ್‌ನಲ್ಲಿ ಬರೆದಳು. ದಿನಾಂಕ ಕೊಟ್ಟರೆ ಸಂವತ್ಸರ, ಮಾಸ, ತಿಥಿಗಳನ್ನು ಹೇಳುವ ಆ ತಂತ್ರಾಂಶ ಕ್ಲೌಡ್‌ನಲ್ಲಿದೆ, ಯಾರು ಬೇಕಾದರೂ ಬಳಸಬಹುದು. ಅದನ್ನು ಅಲ್ಲಿಗೆ ಏರಿಸಲು ಪದ್ಮಾ ಒಂದು ಸ್ವಯಂಚಾಲಿತ ಸರ್ವರನ್ನು ನೇಮಿಸಿದ್ದಳು. ನಾವು ಒಂದಕ್ಷರ ತಿದ್ದಿದರೂ ಅದು, ಇಂಥ ದಿನಾಂಕಕ್ಕೆ ಇಂಥದೇ ಉತ್ತರ ಬರಬೇಕು ಎಂದು ಅವಳು ಬರೆದಿಟ್ಟ ಪರೀಕ್ಷೆಗಳನ್ನೆಲ್ಲ ನಡೆಸುತ್ತದೆ. ಎಲ್ಲವೂ ತೇರ್ಗಡೆಯಾದರೆ ಹಸಿರು ಗುರುತು ತೋರಿಸಿ ತಾನೇ ಏರಿಸುತ್ತದೆ; ಒಂದು ಸೋತರೂ ಕೆಂಪು, ಏರಿಸುವುದಿಲ್ಲ. ಇಂಥ ಸಂಪಾದಕರು ಸಿಕ್ಕಿದ್ದರೆ ನನ್ನ ಅರ್ಧದಷ್ಟು ಲೇಖನಗಳು ಅಚ್ಚಾಗುತ್ತಲೇ ಇರಲಿಲ್ಲ.

ಪದ್ಮಾ ತೀರಿಕೊಂಡ ಮೇಲೆ ಎರಡು ಯುಗಾದಿಗಳು ಕಳೆದವು. ಹೋದ ವಾರ ಅವಳು ಬರೆದ ತಂತ್ರಾಂಶದಲ್ಲೊಂದು ದೋಷ ಕಂಡೆ. ಯುಗಾದಿ ಮುಗಿದರೂ, ತಮಿಳರ ಹೊಸವರ್ಷದ ಚಿತ್ತಿರೈ ತಿಂಗಳು ಹುಟ್ಟುವವರೆಗೆ ಅದು ಹಳೆಯ ಸಂವತ್ಸರವನ್ನೇ ಹೇಳುತ್ತಿತ್ತು. ಊರಿನವರ ತಿಥಿಯನ್ನೆಲ್ಲ ತಪಾಸಿಸುವ ನಾನು ಮನೆಯವಳದನ್ನು ನೋಡಿರಲೇ ಇಲ್ಲ. ತಿದ್ದಿದೆ. ಸರ್ವರ್ ಕೆಂಪಾಯಿತು.

ಸೋತ ಪರೀಕ್ಷೆಯನ್ನು ತೆರೆದರೆ ಅಲ್ಲಿದ್ದದ್ದು ನಮ್ಮ ಮದುವೆಯ ದಿನಾಂಕ. ಪಕ್ಕದಲ್ಲಿ ಅವಳ ಟಿಪ್ಪಣಿ: ‘ಅಪ್ಪ ಅಚ್ಚು ಹಾಕಿಸಿದ ಲಗ್ನಪತ್ರಿಕೇಲಿ ಕಾಲಯುಕ್ತಿ ಸಂವತ್ಸರ ಅಂತಲೇ ಇದೆ. ಇವರು ಒಪ್ಪಲ್ಲ. ಪರವಾಗಿಲ್ಲ, ಸರ್ವರ್ ಒಪ್ಪತ್ತೆ.’

ನಮ್ಮ ಮದುವೆ ಬಿದ್ದದ್ದು ಆ ಎರಡು ಹೊಸವರ್ಷಗಳ ನಡುವಿನ ಸಂದಿಯಲ್ಲಿ. ಮೈಸೂರು ಸೀಮೆಯ ನಮ್ಮ ಮನೆ ಬೇವುಬೆಲ್ಲ ತಿಂದು ಮುಂದಿನ ಸಂವತ್ಸರವಾದ ಸಿದ್ಧಾರ್ಥಿಗೆ ಕಾಲಿಟ್ಟಾಗಿತ್ತು. ಮೂರು ತಲೆಮಾರು ಮದರಾಸಿನಲ್ಲಿ ಕಳೆದ ಅವಳ ಮನೆಯವರು, ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರನ್ನು ನಂಬಿ, ಇನ್ನೂ ಕಾಲಯುಕ್ತಿಯಲ್ಲೇ ಇದ್ದರು. ಪ್ರತಿ ವರ್ಷ ಆ ದಿನ ಕಾಫಿ ಲೋಟ ಮುಂದಿಟ್ಟು ಹೇಳುತ್ತಿದ್ದಳು: “ನಮ್ಮಪ್ಪನ ಮನೆ ಲೆಕ್ಕದಲ್ಲಿ ನಿಮ್ಮನ್ನ ಒಂದು ವರ್ಷ ಜಾಸ್ತಿ ಸಹಿಸಿದೀನಿ ರೀ. ಪೋದುಮಾ, ಸಾಕಾ?”

“ಸಹಿಸಿದ್ದು ಸರಿ, ಲೆಕ್ಕ ತಪ್ಪು,” ಎನ್ನುತ್ತಿದ್ದೆ.

ಆ ಪರೀಕ್ಷೆಯನ್ನು ಅಳಿಸಿದ್ದರೆ ಕೆಲವೇ ನಿಮಿಷಗಳಲ್ಲಿ ನನ್ನ ತಿದ್ದುಪಡಿ ಕ್ಲೌಡ್ ಸೇರುತ್ತಿತ್ತು. ಅವಳ ವರ್ಷ ಎಲ್ಲಿಯೂ ಉಳಿಯುತ್ತಿರಲಿಲ್ಲ. ಎರಡು ದಿನ ಕೆಂಪು ಗುರುತನ್ನು ನೋಡುತ್ತ ಕುಳಿತೆ. ವಾದಕ್ಕೆ ಇಳಿಯಲು ಎದುರಿಗೆ ಯಾರೂ ಇಲ್ಲದಿದ್ದರೆ ಗೆಲುವು ಎಷ್ಟು ಸಪ್ಪೆ ಎಂಬುದು ಆಗ ತಿಳಿಯಿತು.

ಮೂರನೆಯ ದಿನ, ನಮ್ಮ ಮನೆಯ ಚಾಂದ್ರಮಾನ, ಅವಳ ಮನೆಯ ಸೌರಮಾನ ಎರಡರ ಉತ್ತರವನ್ನೂ ಕೊಡುವಂತೆ ತಂತ್ರಾಂಶವನ್ನು ಬದಲಿಸಿದೆ. ಅವಳ ಪರೀಕ್ಷೆಯ ಕೆಳಗೇ ನನ್ನದೊಂದನ್ನು ಬರೆದೆ: ಅದೇ ದಿನಾಂಕ, ಸಿದ್ಧಾರ್ಥಿ. ಸರ್ವರ್ ಎರಡನ್ನೂ ಒಪ್ಪಿ ಹಸಿರಾಯಿತು.

ಎಷ್ಟು ಸಂವತ್ಸರ ಜೊತೆಗಿದ್ದಿರಿ ಎಂದು ಯಾರಾದರೂ ಕೇಳಿದರೆ ನಾನೀಗ ಕಾಲಯುಕ್ತಿಯಿಂದ ಎಣಿಸುತ್ತೇನೆ. ಒಂದು ಹೆಚ್ಚು ಸಿಗುತ್ತದೆ. ತಪ್ಪೆಂದು ಗೊತ್ತು, ತಿದ್ದುವುದಿಲ್ಲ.